ಗಾಳಿಮಳೆಗೆ ಬಿದ್ದ ಕೆಂಜಳಿಲಿನ ಮರಿ: ಮನೆಯಲ್ಲಿ ಸಾಕುವುದೋ, ಮರಕ್ಕೆ ಮರಳಿಸುವುದೋ?

ಪ್ರಶ್ನೆ: ಹೊಸನಗರ ತಾಲ್ಲೂಕಿನಿಂದ, ಬೆಳಿಗ್ಗೆ 9 ಗಂಟೆ

ಎಲ್ಲರಿಗೂ ನಮಸ್ಕಾರ. ವಿಷಯ ತುರ್ತಿನದಾದ್ದರಿಂದ ನೇರವಾಗಿ ಹೇಳುತ್ತೇನೆ.

ನಿನ್ನೆ ಸಂಜೆ ಭರಣಿ ಮಳೆಯೊಡನೆ ಬಂದ ಗಾಳಿಗೆ ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿದ್ದ ಹಳೆಯ ಮತ್ತಿಮರವೊಂದು ಬುಡಮೇಲಾಗಿ ಬಿತ್ತು. ಇಂದು ಬೆಳಿಗ್ಗೆ ದಾರಿ ಬಿಡಿಸಲೆಂದು ಕತ್ತಿ ಹಿಡಿದು ಹೋದಾಗ, ಕಡ್ಡಿ ಮತ್ತು ಎಲೆಗಳಿಂದ ಕಟ್ಟಿದ ದೊಡ್ಡ ಗೂಡೊಂದು ಚದುರಿ ಬಿದ್ದಿರುವುದೂ, ಅದರ ಮಗ್ಗುಲಲ್ಲೇ ಕೆಂಜಳಿಲಿನ ಮರಿಯೊಂದು ಒದ್ದೆ ತರಗೆಲೆಗಳ ನಡುವೆ ಮುದುಡಿಕೊಂಡಿರುವುದೂ ಕಾಣಿಸಿತು. ಮರಿಯ ಕಣ್ಣು ತೆರೆದಿದೆ, ಬೆನ್ನಿನ ಮೇಲೆ ಕೆಂಗಂದು ಕೂದಲು ಮೂಡಿದೆ, ಬಾಲಕ್ಕೆ ಇನ್ನೂ ಪೊದೆಗೂದಲು ಬಂದಿಲ್ಲ. ಮುಂಗಾಲಿನ ಮೇಲೆ ಸಣ್ಣ ತರಚುಗಾಯವಿದೆ, ಆದರೆ ನಾಲ್ಕೂ ಕಾಲುಗಳನ್ನು ಆಡಿಸುತ್ತಿದೆ. ನನ್ನ ತಮ್ಮ ಅದನ್ನು ಹಳೆಯ ಪಂಚೆಯಲ್ಲಿ ಎತ್ತಿ ಹೆಡಿಗೆಯೊಳಗಿಟ್ಟು ಜಗಲಿಗೆ ತಂದಿದ್ದಾನೆ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದ್ದೇವೆ. ರಸ್ತೆಯುದ್ದಕ್ಕೂ ಮರಗಳು ಬಿದ್ದಿರುವುದರಿಂದ ಮಧ್ಯಾಹ್ನದ ಮೇಲೆ ಬರುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ನಾವು ಏನು ಮಾಡಬೇಕು?

ಇಷ್ಟು ಆತಂಕದಿಂದ ಕೇಳುವುದಕ್ಕೆ ಕಾರಣವಿದೆ. ಎರಡು ವರ್ಷಗಳ ಹಿಂದೆ ನಮ್ಮ ಅಟ್ಟದಲ್ಲಿ ಕಬ್ಬೆಕ್ಕಿನ ಮರಿಯೊಂದು ಸಿಕ್ಕಿತ್ತು. ತಾಯಿ ಬಿಟ್ಟು ಹೋಗಿದೆ ಎಂದು ನಾವೇ ತೀರ್ಮಾನಿಸಿ, ಕೊಟ್ಟಿಗೆಯ ಹಸುವಿನ ಹಾಲನ್ನು ಬೆಚ್ಚಗೆ ಮಾಡಿ, ಮನೆಯಲ್ಲಿ ಮಕ್ಕಳಿಗೆ ಕುಡಿಸುತ್ತಿದ್ದ ಬೆಳ್ಳಿಯ ಒಳಲೆಯಲ್ಲಿ ಕುಡಿಸಿದೆವು. ಅದನ್ನು ಅಂಗಾತ ಮಲಗಿಸಿಕೊಂಡು ಕುಡಿಸಿದವನು ನಾನು. ಎರಡನೆಯ ದಿನ ಅದರ ಮೂಗಿನಿಂದ ಹಾಲಿನ ಗುಳ್ಳೆ ಬಂತು, ಉಸಿರಾಡುವಾಗ ಗೊರಗೊರ ಸದ್ದಾಗುತ್ತಿತ್ತು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಪ್ರೀತಿಯಿಂದಲೇ ಮಾಡಿದ್ದರೂ ಅದು ನಮ್ಮ ಕೈಯಿಂದಲೇ ಸತ್ತಿತೆಂಬ ನೋವು ನನಗೆ ಇಂದಿಗೂ ಹೋಗಿಲ್ಲ. ಈ ಮರಿಗೆ ಹಾಗಾಗಬಾರದು.

ಇದರ ಜೊತೆಗೇ ಇನ್ನೊಂದು ಮಾತು. ನಮ್ಮೂರಿನ ಏಳೆಂಟು ಯುವಕ ಯುವತಿಯರು ಸೇರಿ ಗಾಯಗೊಂಡ ಕಾಡುಪ್ರಾಣಿಗಳಿಗಾಗಿ ಒಂದು ಸ್ವಯಂಸೇವಕ ತಂಡ ಕಟ್ಟಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇವೆ. ಅದಕ್ಕೆ ಯಾರ ಅನುಮತಿ ಬೇಕು, ಯಾವ ತಯಾರಿ ಬೇಕು ಎಂಬುದನ್ನೂ ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಸಾಗರದಿಂದ, ಬೆಳಿಗ್ಗೆ 9.25

ಮೊದಲು ಮರಿಯ ವಿಷಯ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ದಯವಿಟ್ಟು ಅದಕ್ಕೆ ಹಾಲನ್ನಾಗಲಿ ನೀರನ್ನಾಗಲಿ ಕುಡಿಸಬೇಡಿ. ಮೈ ಒದ್ದೆಯಾಗಿದ್ದರೆ ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ, ಬಾಟಲಿಯಲ್ಲಿ ಬಿಸಿನೀರು ತುಂಬಿ ಅದಕ್ಕೆ ದಪ್ಪ ಬಟ್ಟೆ ಸುತ್ತಿ ಹೆಡಿಗೆಯ ಒಂದು ಬದಿಯಲ್ಲಿ ಮಾತ್ರ ಇಡಿ. ಬಿಸಿ ಹೆಚ್ಚೆನಿಸಿದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗವಿರಬೇಕು. ಹೆಡಿಗೆಯ ಮೇಲೊಂದು ಬಟ್ಟೆ ಹೊದಿಸಿ, ಜನ, ನಾಯಿ, ಬೆಕ್ಕು, ಟಿ.ವಿ. ಸದ್ದು ಇಲ್ಲದ ಕೋಣೆಯಲ್ಲಿಡಿ. ಕೈಗೆ ಗವಸು ಇಲ್ಲದಿದ್ದರೆ ಬಟ್ಟೆಯ ಮೂಲಕವೇ ಮುಟ್ಟಿ.

ಈಗ ಮುಖ್ಯ ಮಾತು. ಈ ಮರಿ ಅನಾಥವೆಂದು ತೀರ್ಮಾನಿಸಬೇಡಿ. ಕೆಂಜಳಿಲು ತನ್ನ ವಾಸದ ಜಾಗದಲ್ಲಿ ಒಂದೇ ಗೂಡನ್ನು ಕಟ್ಟುವುದಿಲ್ಲ. ಹತ್ತಿರದ ಬೇರೆ ಮರಗಳಲ್ಲೂ ಅದಕ್ಕೆ ಗೂಡುಗಳಿರುತ್ತವೆ. ಒಂದು ಕೆಟ್ಟರೆ ತಾಯಿ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದಕ್ಕೆ ಸಾಗಿಸುತ್ತದೆ. ನೀವು ಕತ್ತಿ ಹಿಡಿದು ಹೋದ ಹೊತ್ತಿನಲ್ಲಿ ಅದು ಎಲ್ಲೋ ಮೇಲಿನಿಂದ ನೋಡುತ್ತಿದ್ದಿರಬಹುದು. ಮರಿ ಬೆಚ್ಚಗಾಗಿ ಚುರುಕಾದರೆ, ಇಲಾಖೆಯವರಿಗೆ ಫೋನಿನಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆದು, ಅವರು ಬರುವ ಮೊದಲೇ ಅದನ್ನು ಬಿದ್ದ ಮರದ ಹತ್ತಿರಕ್ಕೇ ಕೊಂಡೊಯ್ಯಿರಿ. ಪಕ್ಕದಲ್ಲಿ ನಿಂತಿರುವ, ಬೇರೆ ಮರಗಳೊಡನೆ ಕೊಂಬೆ ಕೂಡಿರುವ ಮರವೊಂದನ್ನು ಆರಿಸಿ, ಅಡಿಕೆ ಕೊನೆ ತೆಗೆಯುವವರು ಯಾರಾದರೂ ಇದ್ದರೆ ಅವರಿಂದ ಹದಿನೈದು ಇಪ್ಪತ್ತು ಅಡಿ ಎತ್ತರದ ಕವಲಿಗೆ ಹೆಡಿಗೆಯನ್ನು ಅಲ್ಲಾಡದಂತೆ ಕಟ್ಟಿಸಿ. ಹಳೆಯ ಗೂಡಿನ ಒಣ ಕಡ್ಡಿ, ಎಲೆಗಳನ್ನೇ ಒಳಗೆ ಹಾಸಿ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಳಗಿರಲಿ, ಹೆಡಿಗೆಗೆ ಮುಚ್ಚಳ ಬೇಡ. ಆಮೇಲೆ ಎಲ್ಲರೂ ದೂರ ಬನ್ನಿ. ಒಬ್ಬರು ಮಾತ್ರ ಮರೆಯಲ್ಲಿ ಕುಳಿತು ನೋಡಲಿ. ಮನುಷ್ಯರ ವಾಸನೆ ತಗುಲಿದರೆ ತಾಯಿ ಮರಿಯನ್ನು ಮುಟ್ಟುವುದಿಲ್ಲವೆಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅದು ನಿಜವಲ್ಲ. ತಾಯಿಯನ್ನು ತಡೆಯುವುದು ವಾಸನೆಯಲ್ಲ, ಕೆಳಗೆ ನಿಂತು ಮಾತನಾಡುವ ಜನ.

ಕೆಂಜಳಿಲು ಹಗಲು ಓಡಾಡುವ ಪ್ರಾಣಿ. ಹೊತ್ತು ಮುಳುಗುವುದರೊಳಗೆ ತಾಯಿ ಬರದಿದ್ದರೆ ಮರಿಯನ್ನು ಇಳಿಸಿ ರಾತ್ರಿ ಬೆಚ್ಚಗಿರಿಸಿ, ಪಶುವೈದ್ಯರ ಸಲಹೆಯಂತೆ ಆರೈಕೆ ಮಾಡಿ, ನಾಳೆ ಬೆಳಕು ಹರಿಯುವ ಮುನ್ನ ಮತ್ತೆ ಅಲ್ಲಿಯೇ ಇಡಿ.

ಉತ್ತರ: ಶಿವಮೊಗ್ಗದ ಪಶುವೈದ್ಯೆ, ಬೆಳಿಗ್ಗೆ 10.10

ಮೇಲಿನ ಸಲಹೆ ಸರಿಯಾಗಿದೆ. ವೈದ್ಯಕೀಯವಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಪ್ರಶ್ನೆ ಕೇಳಿದವರು ಕಬ್ಬೆಕ್ಕಿನ ಮರಿಯ ಬಗ್ಗೆ ಬರೆದದ್ದನ್ನು ಓದಿ ನನಗೂ ಬೇಸರವಾಯಿತು, ಏಕೆಂದರೆ ವರ್ಷದಲ್ಲಿ ಹಲವು ಬಾರಿ ಇದೇ ಕಥೆಯನ್ನು ನಾನು ಮೇಜಿನ ಮೇಲೆ ನೋಡುತ್ತೇನೆ.

ಅಂಗಾತ ಮಲಗಿಸಿ ಹಾಲು ಕುಡಿಸಿದಾಗ ಅದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀವು ಕೇಳಿದ ಗೊರಗೊರ ಸದ್ದು ಅದೇ. ಮುಂದೆ ನ್ಯುಮೋನಿಯಾ ಆಗುತ್ತದೆ. ಕುಡಿಸಲೇಬೇಕಾದ ಸಂದರ್ಭದಲ್ಲಿ ಮರಿ ತನ್ನ ತಾಯಿಯ ಕೆಳಗೆ ಹೇಗೆ ಇರುತ್ತದೋ ಹಾಗೆ, ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ ಇರಬೇಕು, ಮತ್ತು ಸೂಜಿ ತೆಗೆದ ಸಣ್ಣ ಸಿರಿಂಜಿನಿಂದ ಹನಿಹನಿಯಾಗಿ ಮಾತ್ರ ಕೊಡಬೇಕು. ಹಸುವಿನ ಹಾಲು ಕರುವಿಗಾಗಿ ಆದದ್ದು. ಅಳಿಲು, ಬೆಕ್ಕು, ಜಿಂಕೆಗಳ ಮರಿಗಳಿಗೆ ಅದು ಒಗ್ಗದೆ ಭೇದಿಯಾಗುತ್ತದೆ, ಇಷ್ಟು ಚಿಕ್ಕ ಮೈಯಿಂದ ನೀರು ಹೋದರೆ ಒಂದೇ ದಿನದಲ್ಲಿ ಪ್ರಾಣಕ್ಕೆ ಕುತ್ತು. ಅದಕ್ಕಿಂತ ಮುಖ್ಯವಾದದ್ದು ಕ್ರಮ: ಮೊದಲು ಬೆಚ್ಚಗಾಗಬೇಕು, ಆಮೇಲೆ ಮೈಯ ನೀರಿನಂಶ ಸರಿಯಾಗಬೇಕು, ಕೊನೆಗೆ ಆಹಾರ. ತಣ್ಣಗಾದ ಮರಿಯ ಹೊಟ್ಟೆ ಏನನ್ನೂ ಅರಗಿಸುವುದಿಲ್ಲ. ಹಸಿದಿದೆ ಎಂಬ ಕನಿಕರದಿಂದ ಮೊದಲೇ ತಿನ್ನಿಸುವುದು ನಾವು ಕಾಣುವ ಅತ್ಯಂತ ಸಾಮಾನ್ಯ ತಪ್ಪು. ರಾತ್ರಿ ಮರಿ ನಿಮ್ಮಲ್ಲೇ ಉಳಿಯುವುದಾದರೆ ತೂಕ ನೋಡಿ, ಫೋಟೊ ಸಹಿತ ನನಗೆ ಇಲ್ಲಿಯೇ ಸಂದೇಶ ಕಳುಹಿಸಿ. ಅಳತೆಯನ್ನು ಆಗ ಹೇಳುತ್ತೇನೆ. ಇಲ್ಲಿ ಬರೆದರೆ ಬೇರೆ ಯಾರೋ ಬೇರೆ ಪ್ರಾಣಿಗೆ ಅದನ್ನೇ ಬಳಸುವ ಅಪಾಯವಿದೆ.

ಹಕ್ಕಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಕೊಕ್ಕು ತೆರೆದು ನೀರು ಹುಯ್ದರೆ ಅದು ನೇರವಾಗಿ ಶ್ವಾಸಕ್ಕೆ ಹೋಗುತ್ತದೆ. ಬೆಕ್ಕಿನ ಬಾಯಿಂದ ಬಿಡಿಸಿದ ಪಿಕಳಾರವೋ ಮಿಂಚುಳ್ಳಿಯೋ ಹೊರನೋಟಕ್ಕೆ ಚೆನ್ನಾಗಿಯೇ ಕಾಣಬಹುದು, ಗಾಯ ಗರಿಯ ಕೆಳಗೆ ಸೂಜಿಮೊನೆಯಷ್ಟೇ ಇರಬಹುದು. ಆದರೆ ಬೆಕ್ಕಿನ ಹಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲಿ ಅದನ್ನು ಕೊಲ್ಲುತ್ತದೆ. ಅಂಥ ಹಕ್ಕಿಯನ್ನು ಹಾರಿಸಿ ಬಿಡದೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಇದಕ್ಕೆ ವಿರುದ್ಧವಾಗಿ, ಗರಿ ಪೂರ್ತಿ ಬಂದಿದ್ದು ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿಹಕ್ಕಿಗೆ ಯಾವ ಚಿಕಿತ್ಸೆಯೂ ಬೇಡ. ಅದು ಹಾರಲು ಕಲಿಯುತ್ತಿದೆ, ತಂದೆ ತಾಯಿ ಗುಟುಕು ಕೊಡುತ್ತಲೇ ಇರುತ್ತವೆ. ನಾಯಿ ಬೆಕ್ಕುಗಳಿಗೆ ಸಿಗದಂತೆ ಹತ್ತಿರದ ಪೊದೆಯ ಮೇಲೆ ಕೂರಿಸಿದರೆ ಸಾಕು.

ತಂಡ ಕಟ್ಟುವವರಿಗೆ ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಹೇಳಬೇಕಾದದ್ದು ಮಂಗನ ಕಾಯಿಲೆಯ ಬಗ್ಗೆ. 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಚಳಿಗಾಲದಿಂದ ಮುಂಗಾರು ಹಿಡಿಯುವವರೆಗೂ ಇದನ್ನು ಹರಡುವ ಉಣುಗುಗಳ ಹಾವಳಿ ಇರುತ್ತದೆ, ಅಂದರೆ ನೀವು ಇಂದು ಕೆಲಸ ಮಾಡುತ್ತಿರುವ ದಿನಗಳೂ ಅದರೊಳಗೇ ಬರುತ್ತವೆ. ಮಂಗ ಅಥವಾ ಮುಸಿಯ ಮಂಕಾಗಿ ಕುಳಿತಿದ್ದರೂ, ಸತ್ತು ಬಿದ್ದಿದ್ದರೂ ಸ್ವಯಂಸೇವಕರು ಖಂಡಿತ ಮುಟ್ಟಬಾರದು. ಪ್ರಾಣಿ ಸತ್ತೊಡನೆ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲೂ ಹರಡುತ್ತವೆ, ಹಾಗಾಗಿ ಆ ಜಾಗವೇ ಅಪಾಯದ ಜಾಗ. ದೂರ ನಿಂತು ಅರಣ್ಯ ಇಲಾಖೆಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಅಳಿಲು, ಇಲಿಗಳಂಥ ಸಣ್ಣ ಪ್ರಾಣಿಗಳ ಮೈಮೇಲೂ ಉಣುಗು ಇರುತ್ತದೆ. ಬಿದ್ದ ಮರದ ಬಳಿ ಓಡಾಡಿದವರೆಲ್ಲ ಇಂದು ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗವನ್ನು ಪರೀಕ್ಷಿಸಿಕೊಳ್ಳಿ. ಉಣುಗು ಹತ್ತದಿರಲೆಂದು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲವನ್ನು ಹಚ್ಚಿಕೊಂಡೇ ಕಾಡಿಗೆ ಹೋಗಿ. ಮುಂದಿನ ಒಂದೆರಡು ವಾರಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕಚ್ಚಿಸಿಕೊಂಡರೆ, ಕಚ್ಚಿದ್ದು ಎಷ್ಟೇ ಚಿಕ್ಕ ಪ್ರಾಣಿಯಾಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಹೋಗಿ. ನಿಯಮಿತವಾಗಿ ಈ ಕೆಲಸ ಮಾಡುವವರು ರೇಬೀಸ್ ಮುನ್ನೆಚ್ಚರಿಕೆಯ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳಬೇಕು.

ಉತ್ತರ: ಸಾಗರದಿಂದ, ಬೆಳಿಗ್ಗೆ 11.40

ಈಗ ತಂಡದ ವಿಷಯಕ್ಕೆ ಬರುತ್ತೇನೆ.

ಕಾನೂನನ್ನು ಮೊದಲು ತಿಳಿದುಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಸೇರಿದೆ. 39ನೇ ಕಲಮು ವನ್ಯಪ್ರಾಣಿಯನ್ನು ಸರ್ಕಾರದ ಸ್ವತ್ತೆಂದು ಹೇಳುತ್ತದೆ, ಮತ್ತು ಅಂಥದ್ದು ಯಾವುದೇ ರೀತಿಯಲ್ಲಿ ಕೈಗೆ ಬಂದರೂ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕೆಂದು ವಿಧಿಸುತ್ತದೆ. ನಮ್ಮ ಉದ್ದೇಶ ಒಳ್ಳೆಯದೆಂಬುದು ಕಾಗದದ ಮೇಲೆ ಎಲ್ಲಿಯೂ ಕಾಣುವುದಿಲ್ಲ, ಫೋನ್ ಮಾಡಿದ ಹೊತ್ತು ಕಾಣುತ್ತದೆ. ಆದ್ದರಿಂದ ಕರೆ ಮೊದಲು, ಕೈ ಆಮೇಲೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅದರ ಜೊತೆಗೆ ನಿಮ್ಮ ವಲಯ ಅರಣ್ಯಾಧಿಕಾರಿಯವರನ್ನೂ ಗಸ್ತಿನ ಅರಣ್ಯ ರಕ್ಷಕರನ್ನೂ ತಂಡದವರೆಲ್ಲ ಒಮ್ಮೆ ಖುದ್ದಾಗಿ ಭೇಟಿಯಾಗಿ, ಏನು ಮಾಡಲಿದ್ದೇವೆ, ಏನು ಮಾಡುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೊಟ್ಟು ಬನ್ನಿ. ರಾತ್ರಿ ಎರಡು ಗಂಟೆಗೆ ಕರೆ ಮಾಡಿದಾಗ ಮುಖಪರಿಚಯ ಬಹಳ ಕೆಲಸಕ್ಕೆ ಬರುತ್ತದೆ.

ಹಳ್ಳಿಯ ತಂಡವೊಂದು ಪುನರ್ವಸತಿ ಕೇಂದ್ರ ತೆರೆಯಲು ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೆ ಅನುಮತಿ, ವೈದ್ಯರು, ಪಂಜರ, ವರ್ಷಗಟ್ಟಲೆಯ ಖರ್ಚು ಬೇಕು. ಹಳ್ಳಿಯವರಿಗೆ ಇರುವ ಬೆಲೆ ಬೇರೆಯದು. ಪ್ರಾಣಿ ಬಿದ್ದ ಅರ್ಧ ಗಂಟೆಯೊಳಗೆ ಅಲ್ಲಿರಬಲ್ಲವರು ನೀವು ಮಾತ್ರ. ಆ ಮರ ಯಾವುದು, ಹಿಂಡು ಯಾವ ಕಡೆಯಿಂದ ಬರುತ್ತದೆ, ಯಾರ ತೋಟದಲ್ಲಿ ಉರುಳು ಹಾಕುತ್ತಾರೆ ಎಂಬುದೂ ನಿಮಗೆ ಮಾತ್ರ ಗೊತ್ತು. ಪೇಟೆಯಿಂದ ಬರುವ ಯಾವ ತಜ್ಞರಿಗೂ ಅದು ತಿಳಿಯದು.

ನಮ್ಮ ತಂಡದ ಮೊದಲ ವರ್ಷದ ಒಂದು ತಪ್ಪನ್ನು ಹೇಳುತ್ತೇನೆ. ನಾಯಿಗಳು ಅಟ್ಟಿಸಿಕೊಂಡು ಬಂದ ಕಾಡುಕುರಿಯೊಂದು ಬೇಲಿಗೆ ಸಿಕ್ಕಿತ್ತು. ನಾವು ಬಿಡಿಸಿ ಒಂದು ಕಟ್ಟಡದ ಜಗಲಿಯಲ್ಲಿ ಕಟ್ಟಿದೆವು. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಸುದ್ದಿ ಹರಡಿ ಮಕ್ಕಳು, ಹಿರಿಯರು ಸಾಲುಗಟ್ಟಿ ಬಂದರು. ನಾವೂ ಸಂಭ್ರಮದಿಂದ ತೋರಿಸಿದೆವು, ತಲೆ ಸವರಿದೆವು, ಫೋಟೊ ತೆಗೆದೆವು. ಅದು ಅಲುಗಾಡದೆ ನಿಂತಿದ್ದನ್ನು ಕಂಡು ಸಾಧುವಾಗಿದೆ ಎಂದುಕೊಂಡೆವು. ರಾತ್ರಿ ಹಿಂಗಾಲು ಸೆಟೆದು ಬಿದ್ದು ಸತ್ತಿತು. ಜಿಂಕೆ ಜಾತಿಯ ಪ್ರಾಣಿಗಳು ಅಟ್ಟಿಸಿಕೊಂಡು ಓಡಿದಾಗ, ಹಿಡಿತಕ್ಕೆ ಸಿಕ್ಕು ಹೆಣಗಾಡಿದಾಗ, ವಿಪರೀತ ಹೆದರಿಕೆ ಮತ್ತು ದಣಿವಿನಿಂದ ಅವುಗಳ ಸ್ನಾಯುಗಳೇ ಒಳಗೊಳಗೆ ಸತ್ತು, ಅದರ ವಿಷ ಮೂತ್ರಪಿಂಡಕ್ಕೂ ಹೃದಯಕ್ಕೂ ತಗಲುತ್ತದೆಂದು ಆಮೇಲೆ ವೈದ್ಯರೊಬ್ಬರು ತಿಳಿಸಿದರು. ಅದು ಅಲುಗಾಡದೆ ನಿಂತದ್ದು ಭಯದಿಂದ. ಕಣ್ಣಿಗೆ ಬಟ್ಟೆ ಕಟ್ಟಿ, ಕತ್ತಲೆಯಲ್ಲಿಟ್ಟು, ಜನರನ್ನು ದೂರವಿಟ್ಟು, ಬೇಗನೆ ಕಾಡಂಚಿಗೆ ಬಿಟ್ಟಿದ್ದರೆ ಬದುಕುವ ಸಾಧ್ಯತೆ ಇತ್ತು. ಅಂದಿನಿಂದ ನಮ್ಮಲ್ಲಿ ರಕ್ಷಣೆಯ ಹೊತ್ತಿನಲ್ಲಿ ಯಾರೂ ಫೋಟೊ ತೆಗೆಯುವಂತಿಲ್ಲ. ದಾಖಲೆಗೆ ಬೇಕಾದ ಒಂದು ಚಿತ್ರವನ್ನು ಒಬ್ಬರು ತೆಗೆಯುತ್ತಾರೆ, ಅಷ್ಟೇ.

ಉರುಳಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಂದಿಗೆಂದು ಕ್ಲಚ್ ವೈರಿನಿಂದ ಹಾಕಿದ ಉರುಳಿಗೆ ಚಿರತೆ ಬೀಳುವುದು ನಮ್ಮ ಕಡೆ ಹೊಸದಲ್ಲ. ತಂತಿ ಕತ್ತರಿಸಿದರೆ ಪ್ರಾಣಿ ಬಿಡುಗಡೆಯಾಯಿತೆಂದು ಭಾವಿಸಬೇಡಿ. ಬಿಗಿತದಿಂದ ರಕ್ತ ಹರಿಯದೆ ಹೋದ ಮಾಂಸ ದಿನಗಳ ಮೇಲೆ ಕೊಳೆಯುತ್ತದೆ, ಹೊಟ್ಟೆಗೆ ಸಿಕ್ಕಿದ್ದರೆ ಒಳಗಿನ ಅಂಗಗಳು ಜಖಂ ಆಗಿರುತ್ತವೆ. ಅದು ಅರಿವಳಿಕೆ ಕೊಡಬಲ್ಲ ವೈದ್ಯರ ಕೆಲಸ. ನಿಮ್ಮ ಕೆಲಸವೆಂದರೆ ಜನರನ್ನು ದೂರ ನಿಲ್ಲಿಸುವುದು. ನಂಬಿ, ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ.

ಸಾಮಾನು ಹೆಚ್ಚೇನೂ ಬೇಡ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಗಳು, ದಪ್ಪ ಚರ್ಮದ ಗವಸು, ಹಳೆಯ ಕಂಬಳಿ, ಟಾರ್ಚು, ಏಣಿ, ಮತ್ತೊಂದು ದಾಖಲೆ ಪುಸ್ತಕ. ಯಾವ ದಿನ, ಯಾವ ಜಾಗ, ಯಾವ ಪ್ರಾಣಿ, ಏಕೆ ಗಾಯವಾಯಿತು, ಯಾರಿಗೆ ಒಪ್ಪಿಸಿದೆವು, ಕೊನೆಗೆ ಏನಾಯಿತು ಎಂಬುದನ್ನು ಸತ್ತದ್ದನ್ನೂ ಬಿಡದೆ ಬರೆಯಿರಿ. ಆ ಪುಸ್ತಕ ನಮ್ಮ ಕಣ್ಣು ತೆರೆಸಿತು. ಒಂದೇ ತೆರೆದ ಬಾವಿಗೆ ಮತ್ತೆ ಮತ್ತೆ ಪ್ರಾಣಿಗಳು ಬೀಳುತ್ತಿದ್ದುದು ಬರೆದಿಟ್ಟಾಗಲೇ ನಮಗೆ ಕಂಡದ್ದು. ಮಾಲೀಕರೊಡನೆ ಮಾತನಾಡಿ ಕಟ್ಟೆ ಕಟ್ಟಿಸಿದ ಮೇಲೆ ಆ ಬಾವಿಯ ಹೆಸರು ಪುಸ್ತಕದಲ್ಲಿ ಮತ್ತೆ ಬಂದಿಲ್ಲ.

ಉತ್ತರ: ತೀರ್ಥಹಳ್ಳಿಯಿಂದ, ಮಧ್ಯಾಹ್ನ 12.15

ನಾನು ಹಾವುಗಳ ಬಗ್ಗೆ ಮಾತ್ರ ಹೇಳಬಲ್ಲೆ. ತಂಡ ಕಟ್ಟಿದ ಮರುದಿನವೇ ನಿಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಹಾವಿನದೇ ಆಗಿರುತ್ತವೆ. ತರಬೇತಿ ಇಲ್ಲದವರು ವಿಷದ ಹಾವಿಗೆ ಕೈ ಹಾಕಬೇಡಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಗಾಗಿ ತಯಾರಾದದ್ದು. ಕಾಳಿಂಗ ಕಚ್ಚಿದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಜನರ ಮೊದಲ ಬೇಡಿಕೆ ದೂರದ ಕಾಡಿಗೆ ಬಿಟ್ಟುಬನ್ನಿ ಎಂಬುದು. ದೂರ ಬಿಟ್ಟ ಹಾವಿಗೆ ಅಲ್ಲಿನ ಬಿಲ, ನೀರು, ಅಡಗುದಾಣ ಯಾವುದೂ ಗೊತ್ತಿರುವುದಿಲ್ಲ. ಅದು ಗೊತ್ತುಗುರಿಯಿಲ್ಲದೆ ಅಲೆಯುತ್ತದೆ, ರಸ್ತೆ ದಾಟುತ್ತದೆ, ಇನ್ನೊಬ್ಬರ ಮನೆ ಹೊಗುತ್ತದೆ. ಆದಷ್ಟು ಹತ್ತಿರದ ಮರೆಯ ಜಾಗದಲ್ಲೇ ಬಿಡಬೇಕು. ಕಾಳಿಂಗ ಮನೆಯ ಹತ್ತಿರ ಬಂದದ್ದು ಬಹುತೇಕ ಕೇರೆಯ ಬೆನ್ನು ಹತ್ತಿ ಅಥವಾ ಜೋಡಿಯನ್ನು ಅರಸಿ. ಜನರನ್ನು ದೂರವಿಟ್ಟು ಕಾದರೆ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಹೀಗೆ ಕಾದು ಕುಳಿತದ್ದೂ ರಕ್ಷಣೆಯೇ ಎಂದು ಮನೆಯವರಿಗೆ ಒಪ್ಪಿಸಲು ನನಗೆ ವರ್ಷಗಳೇ ಬೇಕಾದವು. ಪಶ್ಚಿಮಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದಾಗ ಅದರ ವೈಜ್ಞಾನಿಕ ಹೆಸರಿಗೆ ನಮ್ಮ ಕಾಳಿಂಗ ಎಂಬ ಮಾತನ್ನೇ ತೆಗೆದುಕೊಂಡರು. ನಮ್ಮ ಅಜ್ಜಂದಿರು ಕರೆದ ಹೆಸರು ಅದು ಎಂದು ಹೇಳಿದಾಗ ಅಂಗಳದಲ್ಲಿ ದೊಣ್ಣೆ ಹಿಡಿದು ನಿಂತವರೂ ಒಂದು ಗಳಿಗೆ ಕಿವಿಗೊಟ್ಟದ್ದನ್ನು ಕಂಡಿದ್ದೇನೆ.

ಉತ್ತರ: ಕೊಪ್ಪದಿಂದ, ಮಧ್ಯಾಹ್ನ 2.30

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಸಂದೇಹವಿದೆ. ನಮ್ಮ ಅತ್ತೆ ಬಹಳ ಹಿಂದೆ ಇಂಥದೇ ಮರಿಯೊಂದನ್ನು ಮನೆಯಲ್ಲಿ ಸಾಕಿದ್ದರು. ಅದು ಬದುಕಿತು, ದೊಡ್ಡದಾಯಿತು, ಅಡುಗೆಮನೆಗೆ ಬಂದು ಅವರ ಕೈಯಿಂದಲೇ ಹಲಸಿನ ಬೀಜ ತಿನ್ನುತ್ತಿತ್ತು. ಪ್ರೀತಿಯಿಂದ ಸಾಕಿದರೆ ಬದುಕುತ್ತದೆ ಎಂದ ಮೇಲೆ, ತಾಯಿ ಬರುತ್ತದೋ ಇಲ್ಲವೋ ಎಂದು ಮರದ ಮೇಲೆ ಕಟ್ಟಿ, ಹದ್ದಿಗೋ ಗಿಡುಗಕ್ಕೋ ತುತ್ತಾಗಿಸುವುದು ಸರಿಯೇ?

ಉತ್ತರ: ಶಿವಮೊಗ್ಗದ ಪಶುವೈದ್ಯೆ, ಮಧ್ಯಾಹ್ನ 3.05

ನಿಮ್ಮ ಅತ್ತೆಯವರ ಅಕ್ಕರೆಯನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಅಳಿಲು ಅಡುಗೆಮನೆಗೆ ಬರುತ್ತಿತ್ತು ಎಂದರಲ್ಲ, ನನ್ನ ಚಿಂತೆ ಅಲ್ಲಿಯೇ ಇದೆ. ಕೆಂಜಳಿಲು ಬಾಳುವುದು ಮರದ ನೆತ್ತಿಯಲ್ಲಿ, ನೆಲಕ್ಕೆ ಇಳಿಯುವುದು ಬಲು ಅಪರೂಪ. ಮನುಷ್ಯರ ಕೈಯಲ್ಲಿ ಬೆಳೆದದ್ದು ಅನ್ನಕ್ಕಾಗಿ ಕೆಳಗೆ ಇಳಿಯುವುದನ್ನು ಕಲಿಯುತ್ತದೆ, ನಾಯಿಯನ್ನು ಕಂಡು ಓಡುವುದನ್ನು ಕಲಿಯುವುದಿಲ್ಲ. ಯಾವ ಮರದ ಹಣ್ಣು ಯಾವ ತಿಂಗಳಲ್ಲಿ, ಯಾವ ಕೊಂಬೆ ತನ್ನ ಭಾರ ತಾಳುತ್ತದೆ, ಗಿಡುಗ ಕಂಡಾಗ ಹೇಗೆ ಕೂಗಬೇಕು ಎಂಬುದನ್ನು ತಾಯಿ ಕಲಿಸುತ್ತದೆ, ನಾವು ಕಲಿಸಲಾರೆವು. ತಾಯಿ ನಿಜವಾಗಿಯೂ ಇಲ್ಲವೆಂದಾದ ಮರಿಯನ್ನು ಪರಿಣತರು ಸಾಕುವಾಗಲೂ ಅದರೊಡನೆ ಮಾತನಾಡುವುದಿಲ್ಲ, ಮುದ್ದಿಸುವುದಿಲ್ಲ. ಕಾಡಿನ ಸೊಪ್ಪು, ತೊಗಟೆ, ಹಣ್ಣುಗಳನ್ನೇ ಕೊಟ್ಟು, ಕಾಡಿನೊಳಗೇ ಕಟ್ಟಿದ ದೊಡ್ಡ ಪಂಜರದಲ್ಲಿಟ್ಟು, ಬಾಗಿಲು ತೆರೆದ ಮೇಲೂ ಕೆಲವು ದಿನ ಅಲ್ಲಿ ಆಹಾರವಿಟ್ಟು ನಿಧಾನವಾಗಿ ಬಿಡುಗಡೆ ಮಾಡುತ್ತಾರೆ. ಅಷ್ಟು ಮಾಡಿದರೂ ಎಲ್ಲವೂ ಉಳಿಯುವುದಿಲ್ಲ. ಗಿಡುಗದ ಅಪಾಯ ಇದ್ದೇ ಇದೆ, ಅದಕ್ಕಾಗಿಯೇ ಒಬ್ಬರು ಮರೆಯಲ್ಲಿ ಕುಳಿತು ಕಾಯಬೇಕೆಂದು ಸಾಗರದವರು ಹೇಳಿದ್ದು.

ಪ್ರಶ್ನೆ ಕೇಳಿದವರಿಂದ: ಮೂರನೆಯ ದಿನ, ಸಂಜೆ

ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ.

ಮೊದಲ ದಿನ ಮಧ್ಯಾಹ್ನ ಒಂದು ಗಂಟೆಗೆ ಹೆಡಿಗೆಯನ್ನು ಪಕ್ಕದ ನಂದಿಮರಕ್ಕೆ ಕಟ್ಟಿಸಿದೆವು. ಎರಡೂವರೆಗೆ ಮೇಲಿನಿಂದ ಕೆಂಜಳಿಲಿನ ಕೂಗು ಕೇಳಿತು. ಅಷ್ಟರಲ್ಲಿ ಸುದ್ದಿ ತಿಳಿದು ಕೇರಿಯಿಂದ ಹತ್ತು ಹನ್ನೆರಡು ಜನ ಬಂದರು. ಬೇಡವೆಂದು ಗಟ್ಟಿಯಾಗಿ ಹೇಳಲು ನನಗೆ ಸಂಕೋಚವಾಯಿತು. ತಾಯಿ ಅರ್ಧ ಮರದವರೆಗೆ ಇಳಿದು, ಬಾಲ ಕುಣಿಸಿ ಕಿರುಚಿ, ಹಿಂದಿರುಗಿ ಹೋಯಿತು. ಸಂಜೆಯವರೆಗೂ ಬರಲಿಲ್ಲ. ಇಲಾಖೆಯ ಅರಣ್ಯ ರಕ್ಷಕರು ನಾಲ್ಕು ಗಂಟೆಗೆ ಬಂದು ನೋಡಿ, ಇನ್ನೊಂದು ಬೆಳಿಗ್ಗೆ ಪ್ರಯತ್ನಿಸೋಣ, ಆಗದಿದ್ದರೆ ತ್ಯಾವರೆಕೊಪ್ಪದ ಮೃಗಾಲಯದ ವೈದ್ಯರನ್ನು ಕೇಳೋಣ ಎಂದರು. ರಾತ್ರಿ ಡಾಕ್ಟರಮ್ಮನವರು ತಿಳಿಸಿದ ಅಳತೆಯಲ್ಲಿ, ಹೊಟ್ಟೆ ಕೆಳಗಾಗಿ ಹಿಡಿದು, ಎರಡೆರಡು ಗಂಟೆಗೊಮ್ಮೆ ಹನಿಹನಿಯಾಗಿ ಕೊಟ್ಟೆ. ಸಿರಿಂಜಿನ ತುದಿಯನ್ನು ಅದು ಎರಡೂ ಮುಂಗಾಲುಗಳಿಂದ ಹಿಡಿದುಕೊಳ್ಳುತ್ತಿತ್ತು. ಉಗುರುಗಳು ಆಗಲೇ ಎಷ್ಟು ಬಲವಾಗಿದ್ದವೆಂದರೆ ಪಂಚೆಯ ನೂಲಿನಿಂದ ಒಂದೊಂದನ್ನೇ ಬಿಡಿಸಬೇಕಾಗುತ್ತಿತ್ತು. ಪ್ರತಿ ಸಲವೂ ಅದರ ಉಸಿರಿಗೆ ಕಿವಿಯಿಟ್ಟು ಕೇಳಿದೆ. ಗೊರಗೊರ ಸದ್ದು ಇರಲಿಲ್ಲ.

ಎರಡನೆಯ ದಿನ ಬೆಳಕು ಹರಿಯುವ ಮುನ್ನ ಮತ್ತೆ ಕಟ್ಟಿಸಿದೆವು. ಈ ಬಾರಿ ನಮ್ಮ ತಂಡದ ಇಬ್ಬರು ಹುಡುಗಿಯರು ಕೆಳಗಿನ ದಣಪೆಯ ಬಳಿ ನಿಂತು ಯಾರನ್ನೂ ಮೇಲೆ ಬಿಡಲಿಲ್ಲ. ಏಳೂವರೆಗೆ ತಾಯಿ ಬಂತು. ಹೆಡಿಗೆಯ ಅಂಚಿನಲ್ಲಿ ಬಹಳ ಹೊತ್ತು ಕುಳಿತಿತ್ತು. ಆಮೇಲೆ ತಲೆಯನ್ನು ಒಳಗೆ ಹಾಕಿ ಮರಿಯನ್ನು ಹೊಟ್ಟೆಯ ಬಳಿ ಕಚ್ಚಿ ಎತ್ತಿತು. ಮರಿ ತಾಯಿಯ ಕುತ್ತಿಗೆಗೆ ಸುತ್ತಿಕೊಂಡಿತು. ನಾನು ಹಲಸಿನ ಮರದ ಹಿಂದಿನಿಂದ ನೋಡುತ್ತಿದ್ದೆ.

ಈಗ ಹೊಸ ಸಮಸ್ಯೆಯೊಂದು ಕಣ್ಣಿಗೆ ಬಿದ್ದಿದೆ. ಬಿದ್ದ ಮತ್ತಿಮರ ರಸ್ತೆಯ ಅಂಚಿನದು. ಅದು ಇದ್ದಾಗ ರಸ್ತೆಯ ಎರಡೂ ಬದಿಯ ಮರಗಳು ಮೇಲೆ ಕೂಡಿಕೊಂಡಿದ್ದವು. ಈಗ ಅಲ್ಲಿ ಸುಮಾರು ಮೂವತ್ತು ಅಡಿಯ ಬಯಲು, ಅದರ ಮಧ್ಯೆ ವಿದ್ಯುತ್ ತಂತಿ. ಇಂದು ಮಧ್ಯಾಹ್ನ ತಾಯಿ ಅಳಿಲು ಆ ಅಂಚಿನವರೆಗೆ ಬಂದು ತಂತಿಯನ್ನು ನೋಡಿ ಹಿಂದಿರುಗಿದ್ದನ್ನು ಕಂಡೆ. ಮರದಿಂದ ಮರಕ್ಕೆ ಹಗ್ಗ ಕಟ್ಟಿದರೆ ಅವು ಬಳಸುತ್ತವೆಯೇ?

ಉತ್ತರ: ಸಾಗರದಿಂದ, ಅದೇ ರಾತ್ರಿ

ಬಹಳ ಸಂತೋಷವಾಯಿತು. ದಣಪೆಯ ಬಳಿ ನಿಂತ ಇಬ್ಬರು ಹುಡುಗಿಯರಿಗೆ ನನ್ನ ವಿಶೇಷ ಅಭಿನಂದನೆ ತಿಳಿಸಿ.

ಬಳಸುತ್ತವೆ, ಆದರೆ ಅಭ್ಯಾಸವಾಗಲು ಸಮಯ ಬೇಕು. ತಮಿಳುನಾಡಿನ ವಾಲ್ಪಾರೈನಲ್ಲಿ ಸಿಂಗಳೀಕಗಳಿಗಾಗಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಇಂಥ ತೂಗುಸೇತುವೆಗಳನ್ನು ಕಟ್ಟಿದ್ದಾರೆ. ಒಂದೇ ಹಗ್ಗ ಸಾಲದು, ಗಾಳಿಗೆ ತಿರುಚಿಕೊಳ್ಳುತ್ತದೆ. ಎರಡು ಸಾಲು ಹಗ್ಗದ ನಡುವೆ ಅಡ್ಡಪಟ್ಟಿ ಕಟ್ಟಿ ಏಣಿಯಂತೆ ಮಾಡಬೇಕು. ತಂತಿಗೆ ಹತ್ತಿರ ಬರಕೂಡದು, ಕೆಳಗೆ ಲಾರಿ, ಬಸ್ಸುಗಳಿಗೆ ತಗಲಕೂಡದು. ಆದ್ದರಿಂದ ಅರಣ್ಯ ಇಲಾಖೆ, ವಿದ್ಯುತ್ ಇಲಾಖೆ ಇಬ್ಬರೂ ಸ್ಥಳ ನೋಡಿ ಒಪ್ಪಿದ ಮೇಲೆಯೇ, ಲೈನ್ ನಿಲ್ಲಿಸಿಯೇ ಕಟ್ಟಬೇಕು. ಮಳೆ ಜೋರಾದರೆ ಮರ ಹತ್ತಲಾಗುವುದಿಲ್ಲ, ಈ ಕೆಲಸ ಮುಂಗಾರಿನ ಮೊದಲೇ ಆಗಬೇಕು. ನೀವು ನಾಳೆಯೇ ಎರಡೂ ಕಡೆಗೆ ಅರ್ಜಿ ಕೊಡಿ, ಎರಡೂ ಬದಿಯ ಮರಗಳ ಫೋಟೊ ಮತ್ತು ಅಂತರದ ಅಳತೆಯನ್ನು ಜೊತೆಗಿಡಿ. ಭಾನುವಾರ ನಾನೂ ನಮ್ಮ ತಂಡದ ಇಬ್ಬರೂ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇವೆ. ಅಳತೆ ಟೇಪು ನಮ್ಮಲ್ಲಿದೆ, ಹತ್ತುವವರನ್ನು ನೀವು ಹೇಳಿಡಿ.